ಮೊದಲು ಕೂರುವವರ ಅಳತೆ: ಕಚೇರಿಯ ಕುರ್ಚಿ, ಮೇಜು, ಕ್ಯುಬಿಕಲ್ ಕುರಿತ ಓದುಗರ ಪ್ರಶ್ನೆಗಳು

ಕಚೇರಿಯ ಪೀಠೋಪಕರಣಗಳ ಬಗ್ಗೆ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಕಳುಹಿಸಿದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟು ಊರನ್ನಷ್ಟೇ ಕೊಟ್ಟಿದೆ.

ಪ್ರಶ್ನೆ: ಮಾನ್ಯರೇ, ನಮ್ಮದೊಂದು ಪತ್ತಿನ ಸಹಕಾರ ಸಂಘ. ಹೊಸ ಕಟ್ಟಡದಲ್ಲಿ 40 ಅಡಿ ಉದ್ದ, 24 ಅಡಿ ಅಗಲದ ಹಾಲ್ ಸಿದ್ಧವಾಗಿದೆ. ಉದ್ದನೆಯ ಎರಡೂ ಗೋಡೆಗಳಲ್ಲಿ ಕಿಟಕಿಗಳಿವೆ. ಸಿಬ್ಬಂದಿ 14 ಮಂದಿ. ಬೆಂಗಳೂರಿನ ಕಂಪನಿಗಳಲ್ಲಿರುವಂತೆ ಪ್ರತಿ ಮೇಜಿನ ಸುತ್ತ ಐದಡಿ ಎತ್ತರದ ಪಾರ್ಟಿಷನ್ ಇರುವ ಕ್ಯುಬಿಕಲ್‌ಗಳನ್ನೇ ಹಾಕಿಸಬೇಕೆಂಬುದು ಕೆಲವು ನಿರ್ದೇಶಕರ ಅಭಿಪ್ರಾಯ. ನಮ್ಮಲ್ಲಿರುವ ಹಣ ಸ್ವಲ್ಪ. ಯಾವುದಕ್ಕೆ ಮೊದಲು ಖರ್ಚು ಮಾಡಬೇಕು?
— ಕಾರ್ಯದರ್ಶಿ, ಮೂಡಿಗೆರೆ ತಾಲ್ಲೂಕು

ಉತ್ತರ: ಮೊದಲು ಕುರ್ಚಿ, ಆಮೇಲೆ ಮೇಜು ಮತ್ತು ಬೆಳಕು, ಹಣ ಉಳಿದರೆ ಪಾರ್ಟಿಷನ್. ಈ ಕ್ರಮವನ್ನು ಆಡಳಿತ ಮಂಡಳಿಯ ಸಭೆಯಲ್ಲಿ ದಯವಿಟ್ಟು ಗಟ್ಟಿಯಾಗಿ ಹೇಳಿ. ಬಹಳಷ್ಟು ಕಡೆ ಕೊಟೇಶನ್ ತರಿಸಿ ನೋಡಿದರೆ ಇದು ತಲೆಕೆಳಗಾಗಿರುತ್ತದೆ. ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಪಾರ್ಟಿಷನ್ನಿನ ಗಾಜು, ಬಟ್ಟೆ ಮತ್ತು ಅಲ್ಯೂಮಿನಿಯಂ ಅಂಚು ಆದ್ದರಿಂದ ಹಣದ ದೊಡ್ಡ ಪಾಲು ಅಲ್ಲಿಗೇ ಹೋಗಿ, ದಿನಕ್ಕೆ ಎಂಟು ಗಂಟೆ ಮೈಭಾರವನ್ನು ಹೊರುವ ಕುರ್ಚಿಗೆ ಮಿಕ್ಕದ್ದು ಸಿಗುತ್ತದೆ.

ಅಂಗಡಿಗೆ ಹೋಗುವ ಮುಂಚೆ ಒಂದು ಮಧ್ಯಾಹ್ನ ಟೇಪು ಹಿಡಿದು 14 ಮಂದಿಯ ಮೂರು ಅಳತೆಗಳನ್ನು ಬರೆದುಕೊಳ್ಳಿ. ಪಾದ ನೆಲಕ್ಕೂರಿ ಕುಳಿತಾಗ ನೆಲದಿಂದ ಮಂಡಿಯ ಹಿಂಬದಿಗೆ ಎಷ್ಟು, ಆಸನದಿಂದ ಮಡಿಸಿದ ಮೊಣಕೈಗೆ ಎಷ್ಟು, ಬೆನ್ನು ತಾಗಿಸಿ ಕುಳಿತಾಗ ಬೆನ್ನಿನಿಂದ ಮಂಡಿಯ ಹಿಂಬದಿಗೆ ಎಷ್ಟು ಎಂಬುದು ಗೊತ್ತಾದರೆ ಕುರ್ಚಿಯ ಎತ್ತರ, ಮೇಜಿನ ಎತ್ತರ ಮತ್ತು ಆಸನದ ಆಳ ಮೂರೂ ತಾವಾಗಿಯೇ ನಿರ್ಧಾರವಾಗುತ್ತವೆ. ಎಲ್ಲರಿಗೂ ಒಂದೇ ಮಾದರಿಯ ಕುರ್ಚಿ ತಂದರೂ ಚಿಂತೆಯಿಲ್ಲ; ಆದರೆ ಅದನ್ನು ಪ್ರತಿಯೊಬ್ಬರೂ ತಮ್ಮ ಮೈಗೆ ಹೊಂದಿಸಿಕೊಳ್ಳುವಂತಿರಬೇಕು. ಆಸನ ಏರಿಳಿಯಬೇಕು. ಪೂರ್ತಿ ಹಿಂದಕ್ಕೆ ಸರಿದು ಕುಳಿತಾಗ ಆಸನದ ಮುಂದಿನ ಅಂಚಿಗೂ ಮಂಡಿಯ ಹಿಂಬದಿಗೂ ನಡುವೆ ಎರಡು ಮೂರು ಬೆರಳು ತೂರುವಷ್ಟು ಜಾಗವಿರಬೇಕು. ಅಷ್ಟು ಇಲ್ಲದಿದ್ದರೆ ಅಂಚು ತೊಡೆಯನ್ನು ಒತ್ತಿ ಕಾಲು ಜೋಮು ಹಿಡಿಯುತ್ತದೆ. ಬೆನ್ನಾಸರೆಯ ಉಬ್ಬು ಸೊಂಟದ ಒಳಬಾಗಿನಲ್ಲೇ ಕೂರಬೇಕೇ ಹೊರತು ಅದರ ಮೇಲೋ ಕೆಳಗೋ ಅಲ್ಲ, ಆದ್ದರಿಂದ ಆ ಉಬ್ಬನ್ನು ಮೇಲೆ ಕೆಳಗೆ ಸರಿಸಲು ಬರುವ ಕುರ್ಚಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಲಂಬಕೋನದಲ್ಲಿ ನೆಟ್ಟಗೆ ಕೂರಬೇಕೆಂದು ಶಾಲೆಯಲ್ಲಿ ಹೇಳಿಸಿಕೊಂಡು ಬಂದಿದ್ದೇವೆ; ವಾಸ್ತವದಲ್ಲಿ ಬೆನ್ನನ್ನು 100ರಿಂದ 110 ಡಿಗ್ರಿಯವರೆಗೆ ತುಸು ಹಿಂದಕ್ಕೆ ಒರಗಿಸಿದಾಗಲೇ ಸೊಂಟದ ಮೇಲಿನ ಭಾರ ಕಡಿಮೆ. ಕೆಲಸದ ಕುರ್ಚಿಗಳಿಗೆಂದೇ ಭಾರತೀಯ ಮಾನಕ ಬ್ಯೂರೋದ ಐಎಸ್ 17631 ಎಂಬ ಮಾನಕವಿದೆ. ಕೊಟೇಶನ್ನಿನಲ್ಲಿ ಆ ಸಂಖ್ಯೆಯನ್ನು ನಮೂದಿಸುವಂತೆ ಕೇಳುವುದು ನಿಮ್ಮ ಹಕ್ಕು.

ಇನ್ನು ಐದಡಿಯ ಕ್ಯುಬಿಕಲ್. ಈ ಪದ್ಧತಿಯ ಮೂಲ ಅಮೆರಿಕದ ಮಿಷಿಗನ್ ರಾಜ್ಯದ ಹರ್ಮನ್ ಮಿಲ್ಲರ್ ಎಂಬ ಪೀಠೋಪಕರಣ ಕಂಪನಿಯಲ್ಲಿದೆ. ಅಲ್ಲಿದ್ದ ರಾಬರ್ಟ್ ಪ್ರಾಪ್ಸ್ಟ್ ಎಂಬವರ ಯೋಜನೆ 1964ರಲ್ಲಿ ಮೊದಲು ಹೊರಬಂದು, 1968ರಲ್ಲಿ ಮಡಚಿ ಜೋಡಿಸಬಹುದಾದ ಫಲಕಗಳ ರೂಪ ಪಡೆಯಿತು. ಸಾಲುಸಾಲು ಮೇಜುಗಳ ನಡುವೆ ಸಿಕ್ಕಿಕೊಂಡಿದ್ದ ನೌಕರನಿಗೆ ಕೈಕಾಲು ಆಡಿಸಲು ಜಾಗ ಕೊಡುವುದು, ಕೆಲವೊಮ್ಮೆ ಕುಳಿತು ಕೆಲವೊಮ್ಮೆ ನಿಂತು ಕೆಲಸ ಮಾಡಲು ಬೇರೆ ಬೇರೆ ಎತ್ತರದ ಮೇಜುಗಳನ್ನು ಕೊಡುವುದು, ಫಲಕಗಳನ್ನು 120 ಡಿಗ್ರಿಯಲ್ಲಿ ತೆರೆದಂತೆ ನಿಲ್ಲಿಸುವುದು ಅವರ ಉದ್ದೇಶವಾಗಿತ್ತು. ಕೊಂಡ ಕಂಪನಿಗಳು ಆ ಕೋನವನ್ನು 90 ಡಿಗ್ರಿಗೆ ಮಡಿಸಿ, ಒಂದೇ ಹಾಲಿನಲ್ಲಿ ಎಷ್ಟು ಮಂದಿಯನ್ನು ತುಂಬಬಹುದೆಂದು ಲೆಕ್ಕ ಹಾಕಿ, ಪೆಟ್ಟಿಗೆಗಳನ್ನಾಗಿ ಮಾಡಿದವು. ತಮ್ಮ ಕಲ್ಪನೆ ಹೀಗೆ ಬಳಕೆಯಾದದ್ದನ್ನು ಪ್ರಾಪ್ಸ್ಟ್ ಅವರೇ ಮುಂದೆ ಕಟುವಾಗಿ ಟೀಕಿಸಿದರು. ಅಲ್ಲಿಯವರೇ ಬೇಸತ್ತ ಪೆಟ್ಟಿಗೆಯನ್ನು ಸಹಕಾರ ಸಂಘದ ಸದಸ್ಯರ ಹಣದಲ್ಲಿ ನಾವೇಕೆ ಕೊಳ್ಳಬೇಕು ಎಂಬ ಪ್ರಶ್ನೆಯನ್ನು ನಿಮ್ಮ ನಿರ್ದೇಶಕರ ಮುಂದೆ ಇಡಿ.

ನಮ್ಮ ಊರುಗಳ ಹವೆಯೂ ಐದಡಿಯ ಪಾರ್ಟಿಷನ್ನಿಗೆ ವಿರುದ್ಧವೇ. ಸಾವಿರ ಮೀಟರಿನ ಆಸುಪಾಸಿನ ಎತ್ತರದಲ್ಲಿರುವ ಈ ನಾಡಿನಲ್ಲಿ ವರ್ಷದ ಬಹುಪಾಲು ತಿಂಗಳು ಕಿಟಕಿಯ ಗಾಳಿ ಮತ್ತು ಒಂದು ಫ್ಯಾನ್ ಸಾಕು. ಎದುರುಬದುರು ಕಿಟಕಿಗಳಿರುವ ನಿಮ್ಮ ಹಾಲಿನಂಥ ಜಾಗಕ್ಕೆ ಹವಾನಿಯಂತ್ರಣ ಯಂತ್ರವೇ ಬೇಡ. ಅಂಥ ಹಾಲಿನಲ್ಲಿ 60 ಅಂಗುಲದ ಗೋಡೆಗಳನ್ನು ಎಬ್ಬಿಸಿದರೆ ಗಾಳಿ ಕುಳಿತವರ ಮುಖಕ್ಕೆ ಬರುವ ಬದಲು ಪಾರ್ಟಿಷನ್ನಿನ ನೆತ್ತಿಯ ಮೇಲೆ ಹಾದುಹೋಗುತ್ತದೆ, ಹಗಲಿನಲ್ಲೂ ದೀಪ ಉರಿಸಬೇಕಾಗುತ್ತದೆ. ಕುಳಿತವರ ಕಣ್ಣು ನೆಲದಿಂದ ಸುಮಾರು 44ರಿಂದ 48 ಅಂಗುಲ ಎತ್ತರದಲ್ಲಿರುತ್ತದೆ. ಪಾರ್ಟಿಷನ್ 42 ಅಂಗುಲವಿದ್ದರೆ ತಲೆಯೆತ್ತಿದಾಗ ಪಕ್ಕದವರೂ ಬಂದ ಸದಸ್ಯರೂ ಕಾಣುತ್ತಾರೆ, ತಲೆತಗ್ಗಿಸಿದಾಗ ಕೆಲಸವಷ್ಟೇ ಕಾಣುತ್ತದೆ. ನಿಮಗೆ ಅದೇ ಸರಿಯಾದ ಎತ್ತರವೆಂದು ನನ್ನ ಖಚಿತ ಅಭಿಪ್ರಾಯ. ಐದಡಿಯ ಬಟ್ಟೆ ಪಾರ್ಟಿಷನ್ ಮಾತನ್ನು ತಡೆಯುತ್ತದೆಂಬ ನಂಬಿಕೆಯೂ ಅಷ್ಟು ನಿಜವಲ್ಲ, ಏಕೆಂದರೆ ಗಟ್ಟಿ ಸೀಲಿಂಗಿಗೆ ಬಡಿದ ಧ್ವನಿ ಅದರ ಮೇಲಿನಿಂದಲೇ ಆಚೆ ಇಳಿಯುತ್ತದೆ. ಸಾಲ ಬಾಕಿಯ ಮಾತು ನಾಲ್ಕು ಜನರ ಕಿವಿಗೆ ಬೀಳಬಾರದೆಂದರೆ ಹಾಲಿನ ಒಂದು ಮೂಲೆಯಲ್ಲಿ ಸೀಲಿಂಗಿನವರೆಗೆ ಮುಚ್ಚಿದ, ಬಾಗಿಲಿರುವ, ಎಂಟಡಿ ಉದ್ದ ಎಂಟಡಿ ಅಗಲದ ಒಂದು ಕೋಣೆ ಮಾಡಿಸಿ. ಸಂಕಟದಲ್ಲಿರುವ ಬೆಳೆಗಾರರೊಬ್ಬರು ಎಲ್ಲರೆದುರು ತಲೆತಗ್ಗಿಸದೆ ತಮ್ಮ ಕಷ್ಟ ಹೇಳಿಕೊಳ್ಳಲು ಅಂಥ ಒಂದು ಕೋಣೆ 14 ಕ್ಯುಬಿಕಲ್‌ಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮೇಜುಗಳನ್ನು ಉದ್ದನೆಯ ಗೋಡೆಗೆ ಅಡ್ಡವಾಗಿ ಹಾಕಿಸಿ, ಆಗ ಕಿಟಕಿ ಕೂರುವವರ ಎಡಕ್ಕೋ ಬಲಕ್ಕೋ ಬರುತ್ತದೆ. ಕಿಟಕಿ ಬೆನ್ನ ಹಿಂದಿದ್ದರೆ ಅದರ ಬೆಳಕು ಕಂಪ್ಯೂಟರಿನ ಪರದೆಯಲ್ಲಿ ಮಿರುಗುತ್ತದೆ, ಮುಂದಿದ್ದರೆ ಕಣ್ಣು ಕುಕ್ಕುತ್ತದೆ. ಮೇಜಿನ ಮೇಲೆ 300ರಿಂದ 500 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ) ಬೆಳಕಿರಬೇಕೆಂಬುದು ಕಚೇರಿಗಳಿಗೆ ಒಪ್ಪಿತವಾದ ಪ್ರಮಾಣ. ಮಳೆಗಾಲದ ಮಧ್ಯಾಹ್ನ ನಿಮ್ಮ ಕಡೆ ಕಿಟಕಿಯಿಂದ ಅಷ್ಟು ಸಿಗುವುದಿಲ್ಲವಾದ್ದರಿಂದ ದೀಪಗಳನ್ನು ಜುಲೈ ತಿಂಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಲೆಕ್ಕ ಹಾಕಿಸಿ. ಮುಖ್ಯ ಓಡಾಟದ ದಾರಿ 4 ಅಡಿ, ಒಳದಾರಿ 3 ಅಡಿಗೆ ಕಡಿಮೆಯಾಗದಿರಲಿ.

ಪ್ರಶ್ನೆ: ನಾನು ಹಾಸನದ ಲೆಕ್ಕಪರಿಶೋಧಕರ ಕಚೇರಿಯೊಂದರಲ್ಲಿ ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ದಿನವಿಡೀ ಟ್ಯಾಲಿ ಎಂಬ ಲೆಕ್ಕಪತ್ರದ ಸಾಫ್ಟ್‌ವೇರಿನಲ್ಲಿ ಎಂಟ್ರಿ. ನನ್ನ ಎತ್ತರ 4 ಅಡಿ 11 ಅಂಗುಲ. ಬಲಭುಜ ಮತ್ತು ಕತ್ತು ವಿಪರೀತ ನೋಯುತ್ತವೆ, ಸಂಜೆಗೆ ಪಾದ ಊದುತ್ತದೆ. ನಮ್ಮ ಸರ್ ಒಳ್ಳೆಯವರು, ದುಬಾರಿ ಕುರ್ಚಿಯನ್ನೇ ಕೊಡಿಸುತ್ತೇನೆ ಎನ್ನುತ್ತಾರೆ. ಅದರಿಂದ ಸರಿಹೋಗುತ್ತದೆಯೇ? ಅಳತೆಗಳು: ನೆಲದಿಂದ ಮಂಡಿಯ ಹಿಂಬದಿಗೆ 15½ ಅಂಗುಲ, ಆಸನದಿಂದ ಮೊಣಕೈಗೆ 8½ ಅಂಗುಲ, ಮೇಜಿನ ಎತ್ತರ 30 ಅಂಗುಲ.
— ಓದುಗರು, ಹಾಸನ

ಉತ್ತರ: ಅಳತೆ ಬರೆದು ಕಳುಹಿಸಿದ್ದಕ್ಕೆ ನಿಮಗೆ ವಿಶೇಷವಾಗಿ ಕೃತಜ್ಞನಾಗಿದ್ದೇನೆ, ನಿಮ್ಮ ನೋವಿನ ಕಾರಣ ಆ ಮೂರು ಅಂಕಿಗಳಲ್ಲೇ ಇದೆ. ಪಾದ ನೆಲಕ್ಕೂರಿ ಕುಳಿತರೆ ನಿಮ್ಮ ಮೊಣಕೈ ನೆಲದಿಂದ 24 ಅಂಗುಲಕ್ಕೆ ಬರುತ್ತದೆ. ಕೀಬೋರ್ಡ್ ಇರಬೇಕಾದದ್ದು ಆ ಮಟ್ಟದಲ್ಲಿ, ಇರುವುದು ಅದಕ್ಕಿಂತ ಆರು ಅಂಗುಲ ಮೇಲೆ. ಆರು ಅಂಗುಲವನ್ನು ನೀವು ದಿನವಿಡೀ ಭುಜವನ್ನು ಎತ್ತಿ ತುಂಬಿಸುತ್ತಿದ್ದೀರಿ. ಭುಜವನ್ನು ಇಳಿಸಲೆಂದು ಕುರ್ಚಿಯನ್ನು ಏರಿಸಿದರೆ ಪಾದ ಗಾಳಿಯಲ್ಲಿ ತೂಗಾಡಿ, ಆಸನದ ಅಂಚು ತೊಡೆಯನ್ನು ಒತ್ತಿ, ಸಂಜೆಗೆ ಪಾದ ಊದುತ್ತದೆ. ಹೀಗಾಗಿ ಎಷ್ಟೇ ಬೆಲೆಯ ಕುರ್ಚಿ ತಂದರೂ, ಮೇಜು 30 ಅಂಗುಲದಲ್ಲೇ ಇರುವವರೆಗೆ ನಿಮಗೆ ಪೂರ್ತಿ ಪರಿಹಾರ ಸಿಗುವುದಿಲ್ಲ. ಅಂಗಡಿಗಳಲ್ಲಿ ಸಿಗುವ ಮೇಜುಗಳು ಹೆಚ್ಚುಕಡಿಮೆ ಎಲ್ಲವೂ 29–30 ಅಂಗುಲದವೇ. ಅವು ನಮ್ಮ ನಾಡಿನ ಬಹುತೇಕ ಹೆಂಗಸರ ಮೈಗೆ ಎತ್ತರವಾಗುತ್ತವೆ, ಇದು ನಿಮ್ಮೊಬ್ಬರ ದೇಹದ ದೋಷವೆಂದು ದಯವಿಟ್ಟು ಭಾವಿಸಬೇಡಿ.

ಪರಿಹಾರ ಅಗ್ಗದ್ದೇ. ನಿಮ್ಮ ಕುರ್ಚಿಯನ್ನು 18 ಅಂಗುಲಕ್ಕೆ ನಿಲ್ಲಿಸಿ, ಪಾದಕ್ಕೆ ಎರಡೂವರೆ ಅಂಗುಲ ಎತ್ತರದ, ಎರಡೂ ಪಾದಗಳನ್ನು ಬೇಕಾದಂತೆ ಸರಿಸಾಡುವಷ್ಟು ಅಗಲದ ಒಂದು ಮರದ ಮಣೆ ಹಾಕಿಸಿ. ಆಗ ಮೊಣಕೈ 26½ ಅಂಗುಲಕ್ಕೆ ಬರುತ್ತದೆ. ಬಡಗಿಯನ್ನು ಕರೆಸಿ, ಮೇಜಿನ ಅಡಿಯಲ್ಲಿ ಜಾರುವ ಕೀಬೋರ್ಡ್ ಹಲಗೆಯೊಂದನ್ನು, ಅದರ ಮೇಲ್ಮೈ ನೆಲದಿಂದ 26 ಅಂಗುಲದ ಆಸುಪಾಸಿನಲ್ಲಿ ಬರುವಂತೆ ಕೂರಿಸಲು ಹೇಳಿ. ತೊಡೆಯ ಮೇಲೆ ಒಂದೂವರೆ ಅಂಗುಲವಾದರೂ ಖಾಲಿ ಉಳಿಯುತ್ತದೆಯೇ ಎಂದು ಮೊಳೆ ಹೊಡೆಯುವ ಮುಂಚೆ ನೀವೇ ಕುಳಿತು ನೋಡಿ. ಮೇಜಿನ ನಡುವೆ ಡ್ರಾಯರ್ ಇದ್ದರೆ ತೆಗೆಸಬೇಕಾದೀತು. ಮರದ ಮೇಜಾಗಿದ್ದು ನೀವೊಬ್ಬರೇ ಬಳಸುವುದಾದರೆ ಹಲಗೆಯ ಗೊಡವೆಯೇ ಬೇಡ, ಕಾಲುಗಳನ್ನು ಮೂರು ಅಂಗುಲ ಕುಯ್ಯಿಸಿಬಿಡಿ. ಹಳೆಯ ತೇಗದ ಮೇಜಿನ ಕಾಲು ಕುಯ್ಯಲು ಅನೇಕರಿಗೆ ಮನಸ್ಸು ಬಾರದು. ನಿಮ್ಮ ಭುಜಕ್ಕಿಂತ ಮೇಜಿನ ಕಾಲು ಹೆಚ್ಚಿನದಲ್ಲ.

ಬಲಭುಜವೇ ಹೆಚ್ಚು ನೋಯುವುದಕ್ಕೆ ಇನ್ನೊಂದು ಕಾರಣವಿದೆ. ಟ್ಯಾಲಿಯಲ್ಲಿ ಅಂಕಿ ಒತ್ತುವವರು ಕೀಬೋರ್ಡಿನ ಬಲತುದಿಯ ಅಂಕಿಗಳ ಗುಂಪನ್ನು ಬಳಸುವುದರಿಂದ ಮೌಸ್ ಅದಕ್ಕೂ ಆಚೆಗೆ ತಳ್ಳಲ್ಪಡುತ್ತದೆ, ಪ್ರತಿ ಸಲವೂ ಕೈಯನ್ನು ಮೈಯಿಂದ ದೂರ ಚಾಚಬೇಕಾಗುತ್ತದೆ. ಮೌಸನ್ನು ಎಡಗೈಗೆ ರೂಢಿ ಮಾಡಿಕೊಳ್ಳಿ, ಕೆಲವು ವಾರಗಳಲ್ಲಿ ಕೈ ಪಳಗುತ್ತದೆ. ಹೊಸ ಹಲಗೆಯೂ ಮೌಸ್ ಹಿಡಿಸುವಷ್ಟು, ಅಂದರೆ 26 ಅಂಗುಲವಾದರೂ ಅಗಲವಿರಲಿ. ಕೀಬೋರ್ಡ್ ಕೆಳಗೆ, ಮೌಸ್ ಮೇಜಿನ ಮೇಲೆ ಎಂಬ ವ್ಯವಸ್ಥೆ ಇರುವ ನೋವನ್ನು ಹೆಚ್ಚಿಸುತ್ತದೆ. ಕತ್ತಿಗಾಗಿ ಮಾನಿಟರನ್ನು ಒಂದು ತೋಳಿನಳತೆ ದೂರದಲ್ಲಿಟ್ಟು, ಅದರ ಮೇಲಂಚು ಕಣ್ಣಿನ ಮಟ್ಟಕ್ಕೋ ಸ್ವಲ್ಪ ಕೆಳಕ್ಕೋ ಬರುವಂತೆ ಮಾಡಿ. ನಿಮ್ಮ ಕಣ್ಣು ಆಗ ನೆಲದಿಂದ ಸುಮಾರು 45 ಅಂಗುಲದಲ್ಲಿರುವುದರಿಂದ ಮಾನಿಟರಿನ ಅಡಿಗೆ ಏನನ್ನಾದರೂ ಇಟ್ಟಿದ್ದರೆ ತೆಗೆಯಿರಿ. ಎರಡು ಪವರಿನ ಕನ್ನಡಕ ಹಾಕುವವರಾದರೆ ಅದು ಇನ್ನೂ ಕೆಳಗಿರಬೇಕು, ಇಲ್ಲವಾದರೆ ಗದ್ದ ಎತ್ತಿಯೇ ಓದುತ್ತೀರಿ.

ಕುಳಿತು ಬರೆಯುವವರ ಈ ನೋವು ಕಂಪ್ಯೂಟರಿನೊಡನೆ ಬಂದದ್ದಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಝಿನಿ 18ನೆಯ ಶತಮಾನದ ಆರಂಭದಲ್ಲೇ ಗುಮಾಸ್ತರ ಕಾಯಿಲೆಗಳಿಗೆ ಮೂರು ಕಾರಣಗಳನ್ನು ಗುರುತಿಸಿದ್ದರು: ಸದಾ ಕುಳಿತಿರುವುದು, ಕೈಯ ಒಂದೇ ಬಗೆಯ ಎಡೆಬಿಡದ ಚಲನೆ, ಲೆಕ್ಕ ತಪ್ಪಬಾರದೆಂಬ ಮನಸ್ಸಿನ ಬಿಗಿ. ಮೂರನೆಯದಕ್ಕೆ ಮೇಜು ಕುರ್ಚಿಯಲ್ಲಿ ಪರಿಹಾರವಿಲ್ಲ. ರಿಟರ್ನ್ಸ್ ಸಲ್ಲಿಸುವ ತಿಂಗಳುಗಳಲ್ಲಿ ಗಂಟೆಗೊಮ್ಮೆಯಾದರೂ ಎದ್ದು ಓಡಾಡುವುದಕ್ಕೆ ನಿಮ್ಮ ಸರ್ ಅವರ ಒಪ್ಪಿಗೆ ಕೇಳಿಕೊಳ್ಳಿ. ಬೆರಳುಗಳಲ್ಲಿ ಜೋಮು ಇದ್ದರೆ, ರಾತ್ರಿ ನೋವಿನಿಂದ ಎಚ್ಚರವಾಗುತ್ತಿದ್ದರೆ, ಪಾದದ ಊತ ಬೆಳಿಗ್ಗೆಯೂ ಇಳಿಯದಿದ್ದರೆ ಬಡಗಿಗಿಂತ ಮೊದಲು ವೈದ್ಯರನ್ನು ಕಾಣಬೇಕು.

ಪ್ರಶ್ನೆ: ನಮ್ಮ ತೋಟದ ಕಚೇರಿಗೆ ಹಾಕಿಸಿದ ಮೇಜುಗಳ ಅಂಚು ಎರಡೇ ಮಳೆಗಾಲಕ್ಕೆ ಉಬ್ಬಿ ಹಪ್ಪಳದಂತೆ ಎದ್ದಿವೆ. ಕುರ್ಚಿಗಳ ರೆಕ್ಸಿನ್ ಸುಲಿದುಹೋಗಿದೆ. ಈ ಬಾರಿ ಏನು ಹಾಕಿಸಬೇಕು? ತೋಟದಲ್ಲೇ ಬೆಳೆದ ಸಿಲ್ವರ್ ಓಕ್ ಬಳಸಬಹುದೇ?
— ಕಾಫಿ ಬೆಳೆಗಾರರು, ಚಿಕ್ಕಮಗಳೂರು

ಉತ್ತರ: ನಿಮ್ಮ ಮೇಜುಗಳು ಪಾರ್ಟಿಕಲ್ ಬೋರ್ಡಿನವು. ಮರದ ಚಕ್ಕೆ ಮತ್ತು ಹುಡಿಯನ್ನು ಅಂಟಿನಲ್ಲಿ ಕಲಸಿ ಒತ್ತಿ ಮಾಡಿದ ಹಲಗೆ ಇದು. ಮೇಲೆ ಕೆಳಗೆ ಲ್ಯಾಮಿನೇಟ್ ಇರುವವರೆಗೆ ಸುರಕ್ಷಿತವೆಂದು ತೋರುತ್ತದೆ, ಆದರೆ ಕುಯ್ದ ಅಂಚುಗಳಿಂದಲೂ ಸ್ಕ್ರೂ ತೂತುಗಳಿಂದಲೂ ತೇವ ಒಳಹೊಕ್ಕು ಚಕ್ಕೆಗಳು ಹಿಗ್ಗುತ್ತವೆ. ಒಮ್ಮೆ ಹಿಗ್ಗಿದ್ದು ಒಣಗಿದ ಮೇಲೂ ಮೊದಲಿನಂತಾಗುವುದಿಲ್ಲ, ಸ್ಕ್ರೂಗಳೂ ಹಿಡಿತ ಬಿಡುತ್ತವೆ. ಬಯಲುಸೀಮೆಯ ಕಡೂರು, ಅರಸೀಕೆರೆಗಳಲ್ಲಿ ವರ್ಷಗಟ್ಟಲೆ ಬಾಳುವ ಅದೇ ಮೇಜು ಗಿರಿಯ ತಪ್ಪಲಿನಲ್ಲಿ ಬಾಳದಿರುವುದಕ್ಕೆ ಕಾರಣ ಇಷ್ಟೇ.

ಪ್ಲೈವುಡ್ ಹಾಕಿಸಿ. ಅಂಗಡಿಯವರು ಕಮರ್ಷಿಯಲ್ ಎಂದು ಕರೆಯುವ ಎಂಆರ್ (ತೇವವನ್ನಷ್ಟೇ ತಡೆಯುವ) ದರ್ಜೆ ನಿಮ್ಮ ಕಡೆಗೆ ಸಾಲದು. ಐಎಸ್ 303 ಮುದ್ರೆಯ ಬಿಡಬ್ಲ್ಯುಆರ್ (ಕುದಿನೀರನ್ನೂ ತಡೆಯುವ) ದರ್ಜೆ ಬೇಕು. ಐಎಸ್ 710ರ ಮರೈನ್ ಪ್ಲೈ ಇನ್ನೂ ಗಟ್ಟಿ, ಆದರೆ ಕಚೇರಿಯ ಮೇಜಿಗೆ ಅಷ್ಟು ಖರ್ಚು ಅನಗತ್ಯ. ನೀರು ಬೀಳುವ ಪ್ಯಾಂಟ್ರಿಯ ಕಟ್ಟೆಗೆ ಮಾತ್ರ ಇರಲಿ. ಹಲಗೆಯ ಮೇಲ್ಮೈಗೆ ಹಾಕಿದ ಹಾಗೆ ಅಡಿಗೂ ಲ್ಯಾಮಿನೇಟ್ ಹಾಕಿಸಬೇಕು, ಇಲ್ಲದಿದ್ದರೆ ಒಂದು ಬದಿಯಷ್ಟೇ ತೇವ ಹೀರಿ ಹಲಗೆ ಬಾಗುತ್ತದೆ. ನಾಲ್ಕೂ ಅಂಚಿಗೆ 2 ಮಿಲಿಮೀಟರ್ ದಪ್ಪದ ಪಿವಿಸಿ ಪಟ್ಟಿ, ವೈರುಗಳಿಗಾಗಿ ಕೊರೆದ ತೂತಿನ ಒಳಮೈಗೂ ವಾರ್ನಿಷ್ ಬಳಿಸುವುದು, ನೆಲ ಒರೆಸುವ ನೀರು ತಾಗದಂತೆ ಪೌಡರ್ ಕೋಟಿಂಗ್ ಮಾಡಿದ ಕಬ್ಬಿಣದ ಕಾಲು, ಬೀರುಗಳ ಬೆನ್ನಿಗೂ ಗೋಡೆಗೂ ಎರಡು ಅಂಗುಲ ಅಂತರ: ಇವು ಸಣ್ಣ ಸಂಗತಿಗಳಾದರೂ ಮಲೆನಾಡಿನಲ್ಲಿ ಮೇಜಿನ ಆಯುಸ್ಸನ್ನು ನಿರ್ಧರಿಸುವುದು ಇವೇ.

ಸಿಲ್ವರ್ ಓಕ್ ಖಂಡಿತ ಬಳಸಬಹುದು. ಆಸ್ಟ್ರೇಲಿಯಾದಿಂದ ಬಂದು ಕಾಫಿಗೆ ನೆರಳಾಗಿ, ಮೆಣಸಿನ ಬಳ್ಳಿಗೆ ಆಸರೆಯಾಗಿ ನಮ್ಮದೇ ಆದ ಮರವದು. ಕುಯ್ದಾಗ ಕಾಣುವ ಅದರ ಚುಕ್ಕೆಚುಕ್ಕೆಯ ಎಳೆ ನೋಡಲೂ ಸುಂದರ. ಆದರೆ ಕಡಿದ ಮರವನ್ನು ನೇರವಾಗಿ ಬಡಗಿಗೆ ಕೊಟ್ಟರೆ ಹಲಗೆ ಸೀಳುತ್ತದೆ, ತಿರುಚುತ್ತದೆ. ಹಲಗೆಗಳನ್ನು ಕುಯ್ಯಿಸಿ, ನಡುವೆ ರೀಪು ಕೊಟ್ಟು, ನೆರಳಿನಲ್ಲಿ ಗಾಳಿಯಾಡುವಂತೆ ಪೇರಿಸಿ, ಸಾಧ್ಯವಿದ್ದರೆ ಸೀಸನಿಂಗ್ ಘಟಕದಲ್ಲಿ ತೇವಾಂಶ ಶೇಕಡಾ 12ರ ಆಸುಪಾಸಿಗೆ ಇಳಿಯುವವರೆಗೆ ಒಣಗಿಸಬೇಕು. ಹುಳು ಕೊರೆಯದಂತೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಉಪಚರಿಸುವುದನ್ನು ತಪ್ಪಿಸಬೇಡಿ. ಮೇಜಿನ ಚೌಕಟ್ಟು, ಕಪಾಟು, ಪಾದದ ಮಣೆಗಳಿಗೆ ಅದು ಚೆನ್ನಾಗಿ ಒಗ್ಗುತ್ತದೆ. ಕುರ್ಚಿಗಳ ವಿಷಯದಲ್ಲಿ, ರೆಕ್ಸಿನ್ನಿನ ಪಾಲಿಯುರೆಥೇನ್ ಪದರ ತೇವದಲ್ಲಿ ತಾನಾಗಿಯೇ ಒಡೆಯುವಂಥದ್ದು, ಬಟ್ಟೆ ಹೊದಿಸಿದ ದಪ್ಪ ಫೋಮ್ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಬೆನ್ನಿಗೆ ನೆಟ್ ಇರುವ ಕುರ್ಚಿಯೇ ನಿಮಗೆ ಲೇಸು.

ಪ್ರಶ್ನೆ: ಹೊಸ ಪಾರ್ಟಿಷನ್ ಮತ್ತು ಬೀರು ಹಾಕಿಸಿದಂದಿನಿಂದ ಕಚೇರಿಯಲ್ಲಿ ಘಾಟು ವಾಸನೆ. ಕಣ್ಣು ಉರಿಯುತ್ತದೆ, ಗಂಟಲು ಕೆರೆಯುತ್ತದೆ. ಊದುಬತ್ತಿ ಹಚ್ಚಿದರೂ ಹೋಗುತ್ತಿಲ್ಲ.
— ಓದುಗರು, ಸಕಲೇಶಪುರ

ಉತ್ತರ: ಊದುಬತ್ತಿ, ರೂಮ್ ಫ್ರೆಶ್ನರ್ ಎರಡನ್ನೂ ಇಂದೇ ನಿಲ್ಲಿಸಿ, ಅವು ವಾಸನೆಯನ್ನು ಮರೆಸುತ್ತವೆ, ಗಾಳಿಯನ್ನು ಇನ್ನಷ್ಟು ಕೆಡಿಸುತ್ತವೆ. ಹಲಗೆಗಳ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನಿಲ ಹೊರಬರುತ್ತಿರುವುದು ನಿಮ್ಮ ತೊಂದರೆಗೆ ಕಾರಣವಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು, ಆದ್ದರಿಂದ ಇದನ್ನು ಬರಿಯ ಕಿರಿಕಿರಿಯೆಂದು ಸಹಿಸಿಕೊಳ್ಳಬಾರದು. ಸೆಖೆ ಮತ್ತು ತೇವ ಹೆಚ್ಚಿದಷ್ಟೂ ಅನಿಲ ಹೆಚ್ಚು ಹೊರಬರುತ್ತದೆ. ಮಳೆಯೆಂದು ಕಿಟಕಿ ಮುಚ್ಚಿಕೊಂಡು ಕೂರುವ ನಿಮ್ಮ ಊರಿನಲ್ಲಿ ಅದು ಒಳಗೇ ನಿಲ್ಲುತ್ತದೆ. ಎದುರುಬದುರು ಕಿಟಕಿಗಳನ್ನು ತೆರೆದಿಡಿ, ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ರಜಾದಿನಗಳಲ್ಲಿ ಬೀರುಗಳ ಬಾಗಿಲನ್ನೂ ಡ್ರಾಯರುಗಳನ್ನೂ ತೆರೆದು ಗಾಳಿಯಾಡಿಸಿ, ಲ್ಯಾಮಿನೇಟ್ ಇಲ್ಲದ ಬೆತ್ತಲೆ ಅಂಚುಗಳನ್ನೆಲ್ಲ ಮುಚ್ಚಿಸಿ. ಕೆಲವು ವಾರಗಳಲ್ಲಿ ಗಣನೀಯವಾಗಿ ಇಳಿಯಬೇಕು. ಆಸ್ತಮಾ ಇರುವವರು, ಗರ್ಭಿಣಿಯರು ಇದ್ದರೆ ಅಲ್ಲಿಯವರೆಗೆ ಬೇರೆ ಕೋಣೆಯಲ್ಲಿ ಕೂರಿಸಿ. ಮುಂದಿನ ಖರೀದಿಗೆ ಹಲಗೆಯ ಮೇಲೆ ಇ1 ಎಂಬ, ಈ ಅನಿಲ ಕಡಿಮೆ ಹೊರಬರುವ ದರ್ಜೆಯಿದೆಯೇ ಎಂದು ನೋಡಿಯೇ ಕೊಳ್ಳಿ.

ಪ್ರಶ್ನೆ: ಬೆಂಗಳೂರಿನ ದೊಡ್ಡ ಕಂಪನಿಗಳು ಖಾಲಿ ಮಾಡಿದ ಕುರ್ಚಿಗಳು ಕಾಲು ಭಾಗದ ಬೆಲೆಗೆ ಸಿಗುತ್ತವೆ ಎನ್ನುತ್ತಾರೆ. ಕೊಳ್ಳಬಹುದೇ?
— ಕಂಪ್ಯೂಟರ್ ತರಬೇತಿ ಕೇಂದ್ರದವರು, ಚನ್ನರಾಯಪಟ್ಟಣ

ಉತ್ತರ: ಕೊಳ್ಳಬಹುದು, ಅದೇ ಹಣಕ್ಕೆ ಸಿಗುವ ಹೊಸ ಕಳಪೆ ಕುರ್ಚಿಗಿಂತ ಚೆನ್ನಾಗಿ ತಯಾರಾದ ಹಳೆಯ ಕುರ್ಚಿ ಎಷ್ಟೋ ಮೇಲು. ಫೋಟೋ ನೋಡಿ ಮುಂಗಡ ಕಳುಹಿಸಬೇಡಿ, ಹೋಗಿ ಒಂದೊಂದರಲ್ಲೂ ಕುಳಿತು ನೋಡಿ. ಆಸನವನ್ನು ಪೂರ್ತಿ ಏರಿಸಿ ಹತ್ತು ನಿಮಿಷ ಕೂರಿ. ಮೆಲ್ಲಗೆ ಕುಸಿದರೆ, ಎಲ್ಲರೂ ಹೈಡ್ರಾಲಿಕ್ ಎನ್ನುವ ಅದರ ಗ್ಯಾಸ್ ಸಿಲಿಂಡರ್ ಸೋತಿದೆ ಎಂದರ್ಥ. ಸಿಲಿಂಡರ್ ಬದಲಿಸಲು ಬರುತ್ತದೆ, ಅದರ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ತಳಕ್ಕೆ ಐದು ಕಾಲುಗಳಿರಬೇಕು, ನಾಲ್ಕಿನದು ಮಗ್ಗುಲಿಗೆ ವಾಲಿದಾಗ ಮಗುಚುತ್ತದೆ. ಕಾಲುಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕಿದ್ದರೂ ಆ ಕುರ್ಚಿಯನ್ನು ಬಿಟ್ಟುಬಿಡಿ. ಹೊಲಿಗೆಗಳ ಸಂದಿನಲ್ಲಿ ತಿಗಣೆಯ ಕಪ್ಪು ಚುಕ್ಕೆಗಳಿವೆಯೇ ಎಂದು ಟಾರ್ಚ್ ಹಾಕಿ ನೋಡುವುದನ್ನು ಮರೆಯಬೇಡಿ. ಆ ಕಂಪನಿಗಳ ನೆಲಕ್ಕೆ ಕಾರ್ಪೆಟ್ ಇರುವುದರಿಂದ ಕುರ್ಚಿಗಳಿಗೆ ಗಟ್ಟಿ ಚಕ್ರಗಳಿರುತ್ತವೆ. ನಿಮ್ಮ ಟೈಲ್ಸ್ ಅಥವಾ ರೆಡ್ ಆಕ್ಸೈಡ್ ನೆಲದ ಮೇಲೆ ಅವು ಜಾರುತ್ತವೆ, ಗೀರುತ್ತವೆ. ಮೆತ್ತನೆಯ ಪಟ್ಟಿಯಿರುವ ಚಕ್ರಗಳನ್ನು ಹಾಕಿಸಿಕೊಳ್ಳಿ.

ಪ್ರಶ್ನೆ: ನಿಂತು ಕೆಲಸ ಮಾಡುವ ಮೇಜು ಆರೋಗ್ಯಕ್ಕೆ ಒಳ್ಳೆಯದೆಂದು ಕೇಳಿದ್ದೇನೆ. ಎಲ್ಲರಿಗೂ ಅದನ್ನೇ ಹಾಕಿಸಲೇ?
— ಓದುಗರು, ಹಾಸನ

ಉತ್ತರ: ಬೇಡ. ದಿನವಿಡೀ ನಿಂತರೂ ಸೊಂಟ ನೋಯುತ್ತದೆ, ಕಾಲಿನ ರಕ್ತನಾಳಗಳು ಉಬ್ಬುತ್ತವೆ. ಮೈಗೆ ಬೇಕಾದದ್ದು ಭಂಗಿಯ ಬದಲಾವಣೆ. ಗೋಡೆಗೆ ತಾಗಿದಂತೆ ಮೊಣಕೈ ಎತ್ತರದ ಒಂದೋ ಎರಡೋ ಎತ್ತರದ ಮೇಜುಗಳನ್ನು ಎಲ್ಲರ ಬಳಕೆಗೆ ಹಾಕಿಸಿ, ಪ್ರಿಂಟರನ್ನು ಎದ್ದು ಹೋಗಿ ತರಬೇಕಾದಷ್ಟು ದೂರದಲ್ಲಿಡಿ.

ಪ್ರಶ್ನೆ: ಗಾಲಿಕುರ್ಚಿ ಬಳಸುವ ಯುವಕರೊಬ್ಬರು ಮುಂದಿನ ತಿಂಗಳು ನಮ್ಮ ಕಚೇರಿಗೆ ಸೇರುತ್ತಿದ್ದಾರೆ. ಏನೇನು ಬದಲಿಸಬೇಕು?
— ಖಾಸಗಿ ಕಚೇರಿಯ ವ್ಯವಸ್ಥಾಪಕರು, ಚಿಕ್ಕಮಗಳೂರು

ಉತ್ತರ: ಮೊದಲು ಅವರನ್ನೇ ಕಚೇರಿಗೆ ಕರೆಸಿ ಕೇಳಿ, ತಮ್ಮ ಗಾಲಿಕುರ್ಚಿಯ ಅಗಲವೂ ಕೈ ಎಟಕುವ ದೂರವೂ ಅವರಿಗೆ ಗೊತ್ತಿರುವಷ್ಟು ನನಗೆ ಗೊತ್ತಿರುವುದಿಲ್ಲ. ಸಾಮಾನ್ಯವಾಗಿ ಬಾಗಿಲು ಮತ್ತು ಒಳದಾರಿಗಳಿಗೆ 900 ಮಿಲಿಮೀಟರ್ ಸ್ಪಷ್ಟ ಅಗಲ, ಕುರ್ಚಿ ತಿರುಗಿಸಲು 1500 ಮಿಲಿಮೀಟರ್ ವ್ಯಾಸದ ಜಾಗ, ಮೆಟ್ಟಿಲಿದ್ದಲ್ಲಿ ಒಂದು ಅಡಿ ಏರಿಕೆಗೆ 12 ಅಡಿ ಉದ್ದದ ಇಳಿಜಾರು ಬೇಕಾಗುತ್ತದೆ. ಮೇಜಿನ ಅಡಿಯಲ್ಲಿ 700 ಮಿಲಿಮೀಟರಿಗೆ ಕಡಿಮೆಯಿಲ್ಲದ ಎತ್ತರ ಖಾಲಿಯಿರಬೇಕು, ಮುಂಭಾಗದ ಅಡ್ಡಹಲಗೆ ಮತ್ತು ಪಕ್ಕದ ಡ್ರಾಯರ್ ಪೆಟ್ಟಿಗೆಯನ್ನು ತೆಗೆಸಬೇಕು. ಶೌಚಾಲಯದ ಬಾಗಿಲನ್ನು ಮರೆಯುವ ಕಚೇರಿಗಳೇ ಹೆಚ್ಚು. ಇವನ್ನು ಉಪಕಾರವೆಂದು ಯಾರೂ ಭಾವಿಸಬೇಕಾಗಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯಲ್ಲಿ ಇದು ಹಕ್ಕಾಗಿಯೇ ಇದೆ.

ಪ್ರಶ್ನೆ: ನಾನು ಕಾಫಿ ಕ್ಯೂರಿಂಗ್ ಘಟಕವೊಂದರ ಕಚೇರಿಯಲ್ಲಿದ್ದೇನೆ. ನಮಗೆಲ್ಲ ಹೊಸ ಕುರ್ಚಿಗಳು ಬಂದವು. ಆಚೆ ಬದಿಯಲ್ಲಿ ಬೀಜ ಆರಿಸುವ ಹೆಂಗಸರು ಬೆಲ್ಟಿನ ಮುಂದೆ ದಿನವಿಡೀ ನಿಂತೇ ಇರುತ್ತಾರೆ. ಕೂತರೆ ಕೆಲಸ ನಿಧಾನವಾಗುತ್ತದೆಂದು ಮೇಲ್ವಿಚಾರಕರು ಹೇಳುತ್ತಾರೆ. ಮಾಲೀಕರೊಡನೆ ಮಾತಾಡಬೇಕೆಂದಿದ್ದೇನೆ, ಏನು ಹೇಳಲಿ?
— ಓದುಗರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಈ ಕಂತಿಗೆ ಬಂದ ಪತ್ರಗಳಲ್ಲಿ ನನ್ನ ಮನಸ್ಸನ್ನು ಹೆಚ್ಚು ತಟ್ಟಿದ್ದು ನಿಮ್ಮದು. ಮೊದಲು ಕಾನೂನಿನ ಮಾತು ಹೇಳಿ. ನಿಂತು ಕೆಲಸ ಮಾಡಬೇಕಾದವರಿಗೆ, ಕೆಲಸದ ನಡುವೆ ಸಿಗುವ ಬಿಡುವಿನಲ್ಲಿ ಕೂರಲು ಆಸನಗಳಿರಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯ 44ನೆಯ ಪ್ರಕರಣದಲ್ಲೇ ಬರೆದಿತ್ತು. ಕುಳಿತು ಮಾಡಬಹುದಾದ ಕೆಲಸಕ್ಕೆ ಆಸನ ಒದಗಿಸುವಂತೆ ಆದೇಶಿಸುವ ಅಧಿಕಾರವೂ ಅದರಲ್ಲಿ ಮುಖ್ಯ ಇನ್‌ಸ್ಪೆಕ್ಟರಿಗಿತ್ತು. ಅಂಗಡಿಗಳಲ್ಲಿ ನಿಂತೇ ಇರಬೇಕಾದ ಹೆಣ್ಣುಮಕ್ಕಳ ಹೋರಾಟದ ಫಲವಾಗಿ ಅವರಿಗೆ ಕೂರಲು ಆಸನವಿರಬೇಕೆಂದು ಕೇರಳ 2018ರಲ್ಲಿ ಅಂಗಡಿಗಳ ಕುರಿತ ತನ್ನ ಕಾಯಿದೆಯನ್ನು ತಿದ್ದಿತು, 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು.

ಎರಡನೆಯದು ಕೆಲಸದ ಮಾತು. ಕಪ್ಪುಬೀಜ, ಒಡಕುಬೀಜಗಳನ್ನು ಬೇರ್ಪಡಿಸುವುದು ಕಣ್ಣು ಮತ್ತು ಬೆರಳಿನ ಕೆಲಸ. ಅದಕ್ಕೆ ಕಾಲುಗಳ ಬಲ ಬೇಕಿಲ್ಲ. ದಣಿದ ಕಣ್ಣಿಗೆ ಕೆಟ್ಟ ಬೀಜ ತಪ್ಪಿಹೋಗುತ್ತದೆ ಎಂಬುದು ಮಾಲೀಕರಿಗೂ ತಿಳಿದಿರುತ್ತದೆ. ಬೆಲ್ಟನ್ನು ಬದಲಿಸಬೇಕಾಗಿಲ್ಲ. ಅದರ ಈಗಿನ ಎತ್ತರವನ್ನು ಅಳೆಯಿರಿ; ಕುಳಿತಾಗ ಮೊಣಕೈ ಬೆಲ್ಟಿನ ಮಟ್ಟಕ್ಕೋ ಅದಕ್ಕಿಂತ ಒಂದೆರಡು ಅಂಗುಲ ಕೆಳಕ್ಕೋ ಬರುವಂಥ ಎತ್ತರದ ಸ್ಟೂಲ್ ಬೇಕು, ಅದಕ್ಕೆ ಗಿಡ್ಡನೆಯ ಬೆನ್ನಾಸರೆಯೂ ಕಾಲಿಡಲು ಸುತ್ತ ಒಂದು ಕಂಬಿಯೂ ಇರಬೇಕು. ಬೆಲ್ಟಿನ ಕೆಳಗೆ ಮಂಡಿ ತೂರಲು ಅಡ್ಡವಾಗುವ ತಗಡನ್ನು ತೆಗೆಸಿ, ಇಲ್ಲದಿದ್ದರೆ ಕುಳಿತವರು ಮುಂದಕ್ಕೆ ಬಾಗಿ ಬೆನ್ನು ನೋಯಿಸಿಕೊಳ್ಳುತ್ತಾರೆ. ಆರಿಸಿದ ಬೀಜ ಹಾಕುವ ಡಬ್ಬಿ ಕೈ ಚಾಚದೆ ಎಟಕುವಂತೆ 16 ಅಂಗುಲದೊಳಗೆ ಇರಲಿ. ಬೆಳಕು ಕಚೇರಿಗಿಂತ ಹೆಚ್ಚೇ ಬೇಕು, ನೆರಳು ಬೀಳದಂತೆ ಬೆಲ್ಟಿನ ಮೇಲೇ ಉದ್ದಕ್ಕೂ ಇರಬೇಕು. ನಿಂತು ಕೂತು ಎರಡೂ ಬಗೆಯಲ್ಲಿ ಮಾಡುವ ಸ್ವಾತಂತ್ರ್ಯವನ್ನು ಅವರಿಗೇ ಬಿಡಿ, ಮತ್ತು ನಿಲ್ಲುವ ಜಾಗಕ್ಕೆ ದಪ್ಪ ರಬ್ಬರ್ ಮ್ಯಾಟ್ ಹಾಸಿಸಿ.

ಒಮ್ಮೆಗೇ ಎಲ್ಲರಿಗೂ ಮಾಡಿಸಿ ಎಂದು ಕೇಳಬೇಡಿ. ವೆಲ್ಡಿಂಗ್ ಅಂಗಡಿಯಲ್ಲಿ ಎರಡು ಎತ್ತರದ ಎರಡು ಮಾದರಿ ಸ್ಟೂಲುಗಳನ್ನು ಮಾಡಿಸಿ, ಎತ್ತರದವರೊಬ್ಬರು ಗಿಡ್ಡನೆಯವರೊಬ್ಬರು ಅವುಗಳಲ್ಲಿ ಕುಳಿತು ಒಂದು ವಾರ ಆರಿಸಲಿ. ಎಷ್ಟು ಕಿಲೋ ಆರಿಸಿದರು, ಎಷ್ಟು ಕೆಟ್ಟ ಬೀಜ ಉಳಿದುಹೋಯಿತು ಎಂಬುದನ್ನು ಹಿಂದಿನ ವಾರದ ಲೆಕ್ಕದೊಡನೆ ಹೋಲಿಸಿ ಮಾಲೀಕರ ಮುಂದಿಡಿ. ಸ್ಟೂಲಿನ ಎತ್ತರ, ಕಂಬಿಯ ಜಾಗ, ಬೆನ್ನಾಸರೆಯ ಬಾಗು ಸರಿಯಿದೆಯೇ ಎಂದು ಮೇಲ್ವಿಚಾರಕರನ್ನು ಕೇಳುವ ಮೊದಲು ಆ ಇಬ್ಬರು ಹೆಂಗಸರನ್ನು ಕೇಳಿ, ಅವರು ಹೇಳಿದ ಬದಲಾವಣೆಗಳನ್ನು ಮಾಡಿಸಿದ ಮೇಲೆಯೇ ಉಳಿದವಕ್ಕೆ ಆರ್ಡರ್ ಕೊಡಿ.